ಪ್ರೊಫೈಲ್ ಡಿಲೀಟ್ ಮಾಡಿದರೂ ಡೇಟಿಂಗ್ ಆಪ್ ದುಡ್ಡು ಕಟ್ ಮಾಡುತ್ತಿದೆ, ನಿಲ್ಲಿಸುವುದು ಹೇಗೆ?

ಒಂಟಿಸಲಗ:
ಒಂದು ಡೇಟಿಂಗ್ ಆಪ್‌ನಲ್ಲಿ ತಿಂಗಳ ಪ್ಲಾನ್ ತಗೊಂಡಿದ್ದೆ. ಹೆಸರು ಬೇಡ ಬಿಡಿ. ಬೇಜಾರಾಗಿ ಪ್ರೊಫೈಲ್ ಡಿಲೀಟ್ ಮಾಡಿ, ಫೋನ್‌ನಿಂದ ಆಪನ್ನೂ ತೆಗೆದೆ. ಈಗ ನೋಡಿದರೆ ಕಾರ್ಡ್‌ನಿಂದ ಮತ್ತೆ ದುಡ್ಡು ಹೋಗಿದೆ! ಮೇಲ್ ಹಾಕಿದರೆ ‘ಈ ವಿಳಾಸದಲ್ಲಿ ನಮ್ಮಲ್ಲಿ ಖಾತೆಯೇ ಇಲ್ಲ’ ಎನ್ನುತ್ತಾರೆ. ಖಾತೆಯೇ ಇಲ್ಲದ ಮೇಲೆ ದುಡ್ಡು ಯಾವ ಲೆಕ್ಕಕ್ಕೆ ಸ್ವಾಮಿ? ಸುಮ್ನೆ ಕಾರ್ಡ್ ಬ್ಲಾಕ್ ಮಾಡಿಸಿಬಿಡಲಾ? ಹೋದದ್ದು ವಾಪಸ್ ಬರುತ್ತದಾ?

ಚಿಲ್ಲರೆಪಲ್ಲರೆ:
ಪ್ರೊಫೈಲ್ ಬೇರೆ, ಸಬ್‌ಸ್ಕ್ರಿಪ್ಷನ್ ಬೇರೆ. ದುಡ್ಡು ಎಲ್ಲಿ ಕಟ್ಟಿದ್ದೀರೋ ಅಲ್ಲೇ ಹೋಗಿ ನಿಲ್ಲಿಸಬೇಕು. ಮೊದಲು ರಸೀದಿ ಬಂದ ಮೇಲ್ ಹುಡುಕಿ. ಆರ್ಡರ್ ನಂಬರ್ ‘ಜಿಪಿಎ’ ಎಂದು ಶುರುವಾದರೆ ಅದು ಗೂಗಲ್ ಪ್ಲೇ ಮೂಲಕ ಹೋದದ್ದು. ಪ್ಲೇ ಸ್ಟೋರ್‌ನಲ್ಲಿ ನಿಮ್ಮ ಫೋಟೋ ಒತ್ತಿ, ಪೇಮೆಂಟ್ಸ್ ಅಂಡ್ ಸಬ್‌ಸ್ಕ್ರಿಪ್ಷನ್ಸ್‌ಗೆ ಹೋಗಿ. ಐಫೋನ್ ಆದರೆ ಸೆಟ್ಟಿಂಗ್ಸ್, ಮೇಲೆ ಕಾಣುವ ನಿಮ್ಮ ಹೆಸರು, ಅದರೊಳಗೆ ಸಬ್‌ಸ್ಕ್ರಿಪ್ಷನ್ಸ್. ಆಪ್ ಫೋನ್‌ನಲ್ಲಿ ಇಲ್ಲದಿದ್ದರೂ ಅಲ್ಲಿ ಕಾಣುತ್ತದೆ. ಕಾಣಲಿಲ್ಲವಾ? ಬೇರೆ ಜೀಮೇಲ್‌ನಿಂದ ತಗೊಂಡಿರಬಹುದು, ಅದನ್ನೂ ನೋಡಿ.

ವೆಬ್‌ಸೈಟ್‌ನಲ್ಲಿ ನೇರವಾಗಿ ಕಾರ್ಡ್ ಹಾಕಿದ್ದರೆ ಮಾತ್ರ ತಲೆನೋವು ಜಾಸ್ತಿ. ಆಗ ಆ ಕಂಪನಿಯೇ ನಿಲ್ಲಿಸಬೇಕು, ನಿಮ್ಮ ಪ್ರೊಫೈಲ್ ಹೋಗಿರುವುದರಿಂದ ಲಾಗಿನ್ ಮಾಡಲೂ ಆಗುವುದಿಲ್ಲ. ಇನ್ನೊಂದು ಮೇಲ್ ಹಾಕಿ, ರಸೀದಿ ನಂಬರ್, ದುಡ್ಡು ಹೋದ ತಾರೀಖು, ಕಾರ್ಡ್‌ನ ಕೊನೆಯ 4 ಅಂಕಿ ಬರೆಯಿರಿ. ಪೂರ್ತಿ ಕಾರ್ಡ್ ನಂಬರ್ ಮಾತ್ರ ಯಾರಿಗೂ ಕೊಡಬೇಡಿ.

ನಿಧಾನಗತಿ:
ನಿಲ್ಲಿಸಿದ ತಕ್ಷಣ ದುಡ್ಡು ವಾಪಸ್ ಬರುವುದಿಲ್ಲ, ಮುಂದಿನ ಸಲದ್ದು ಹೋಗುವುದು ನಿಲ್ಲುತ್ತದೆ ಅಷ್ಟೇ. ರೀಫಂಡ್ ಬೇರೆಯಾಗಿ ಕೇಳಬೇಕು. ಗೂಗಲ್ ಪ್ಲೇ ಆದರೆ 48 ಗಂಟೆಯೊಳಗೆ ಗೂಗಲ್‌ನ್ನೇ ಕೇಳಿ, ಆಮೇಲೆ ಸಾಮಾನ್ಯವಾಗಿ ಆಪ್‌ನವರ ಹತ್ತಿರ ಹೋಗಿ ಎನ್ನುತ್ತಾರೆ. ಐಫೋನ್‌ನವರು ಆಪಲ್‌ಗೇ ಅರ್ಜಿ ಹಾಕಬೇಕು, ಆಪ್‌ನವರನ್ನು ಕೇಳಿ ಪ್ರಯೋಜನವಿಲ್ಲ. ಕೊಟ್ಟೇ ಕೊಡುತ್ತಾರೆ ಅಂತಲ್ಲ. ಇನ್ನೊಂದು, ಆಪಲ್‌ನಲ್ಲಿ ಅವಧಿ ಮುಗಿಯುವುದಕ್ಕೆ ಕನಿಷ್ಠ 24 ಗಂಟೆ ಮೊದಲೇ ಕ್ಯಾನ್ಸಲ್ ಮಾಡಬೇಕು, ಕೊನೆಯ ದಿನದವರೆಗೆ ಕಾದರೆ ದುಡ್ಡು ಹೋಗಿರುತ್ತದೆ.

ಕಾರ್ಡ್ ಬ್ಲಾಕ್ ಮಾಡಿಸುವುದು ಕೊನೆಯ ದಾರಿ. ಸಬ್‌ಸ್ಕ್ರಿಪ್ಷನ್ ಅದರಿಂದ ರದ್ದಾಗುವುದಿಲ್ಲ. ಅದಕ್ಕಿಂತ ಬ್ಯಾಂಕ್‌ಗೆ ‘ನಾನು ಒಪ್ಪದ ಕಡಿತ’ ಎಂದು ದೂರು ಕೊಡಿ, ಅದಕ್ಕೂ ಗಡುವು ಇರುತ್ತದೆ, ತಡ ಮಾಡಬೇಡಿ.

ಮೌನಿ:
ಬ್ಯಾಂಕ್‌ಗೆ ದೂರು ಕೊಟ್ಟರೆ ಆಪ್‌ನವರು ಬ್ಯಾನ್ ಮಾಡಬಹುದು. ನೀವು ಹೇಗೂ ಬಿಟ್ಟಿದ್ದೀರಿ, ಚಿಂತೆ ಇಲ್ಲ. ಆದರೆ ಇದು ನಿಮಗೊಬ್ಬರಿಗೆ ಆಗಿರುವುದಲ್ಲ. ಟಿಂಡರ್ ಆಪ್‌ನ ಮಾಲೀಕ ಕಂಪನಿ ಮ್ಯಾಚ್ ಗ್ರೂಪ್ ಮೇಲೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ (ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ) 2019ರಲ್ಲಿ ಕೇಸ್ ಹಾಕಿತ್ತು. ಕ್ಯಾನ್ಸಲ್ ಮಾಡುವ ದಾರಿಯನ್ನು ಬೇಕಂತಲೇ ಸಿಕ್ಕು ಮಾಡಿದ್ದಾರೆ, ಕಡಿತದ ಬಗ್ಗೆ ತಕರಾರು ಎತ್ತಿದವರ ಖಾತೆ ಮುಚ್ಚುತ್ತಾರೆ, ಇವೆಲ್ಲ ಆರೋಪದಲ್ಲಿದ್ದವು. 2025ರಲ್ಲಿ 1.4 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡರು, ಕ್ಯಾನ್ಸಲ್ ಸುಲಭ ಮಾಡುತ್ತೇವೆ ಅಂತ ಒಪ್ಪಿಕೊಂಡರು. ಸೇರುವುದಕ್ಕೆ ಒಂದು ಬಟನ್, ಬಿಡುವುದಕ್ಕೆ ಪುಟದ ಮೇಲೆ ಪುಟ, ಇದು ಅಕಸ್ಮಾತ್ ಆಗುವುದಲ್ಲ ಅಲ್ವಾ?

ಒಂಟಿಸಲಗ:
ರಸೀದಿ ಸಿಕ್ಕಿತು. ವೆಬ್‌ಸೈಟ್‌ನಲ್ಲೇ ಕಟ್ಟಿದ್ದು. ಆ ನಂಬರ್ ಹಾಕಿ ಬರೆದ ಮೇಲೆ ಅದೇ ‘ಇಲ್ಲದ’ ಖಾತೆ ಅವರಿಗೆ ಕಂಡಿದೆ! ಕ್ಯಾನ್ಸಲ್ ಮಾಡಿದ್ದೇವೆ ಅಂತ ಮೇಲ್ ಬಂತು. ರೀಫಂಡ್ ಬಗ್ಗೆ ಮಾತ್ರ ಚಕಾರ ಎತ್ತಿಲ್ಲ.

ಚಿಲ್ಲರೆಪಲ್ಲರೆ:
ಆ ಮೇಲ್ ಅಳಿಸಬೇಡಿ. ಅದನ್ನೇ ಲಗತ್ತಿಸಿ ಬ್ಯಾಂಕ್‌ಗೆ ಕಳಿಸಿ, ಅವರ ‘ಖಾತೆಯೇ ಇಲ್ಲ’ ಎಂಬ ಮೊದಲ ಉತ್ತರವನ್ನೂ ಸೇರಿಸಿ.