ಹೊಲದ ದಾರಿಗೆ ತಂತಿ ಬೇಲಿ ಬಿದ್ದಿದೆ, ಏನು ಮಾಡಲಿ?

ಈರುಳ್ಳಿ ಹೊಲದವ:

ನಮ್ಮದು ಚಿತ್ರದುರ್ಗ ತಾಲ್ಲೂಕು, ಭರಮಸಾಗರ ಕಡೆ. ಮೂರು ಎಕರೆ ಎರೆ ಹೊಲ. ಅರ್ಧ ಈರುಳ್ಳಿ, ಅರ್ಧ ಮೆಕ್ಕೆಜೋಳ. ಊರ ಹಿಂದಿನ ಹಳ್ಳ ದಾಟಿ, ಬೇವಿನ ಮರದ ಪಕ್ಕ ಹಾದು ಹೊಲಕ್ಕೆ ಹೋಗಲು ಒಂದು ಬಂಡಿ ದಾರಿ ಇದೆ. ಇತ್ತು ಅನ್ನಬೇಕು.

ಭರಮಸಾಗರ ಕೆರೆಗೆ ತುಂಗಭದ್ರೆ ನೀರು ಬಂದಾಗ ಎಲ್ಲರಿಗೂ ಖುಷಿ. ನನಗೂ ಖುಷಿ. ನೀರಿನ ಹಿಂದೆಯೇ ಅಡಿಕೆ ಸಸಿ ಬಂತು. ಸಸಿಯ ಹಿಂದೆ ತಂತಿ ಬೇಲಿ ಬಂತು. ಕೆಳಗಿನ ಹೊಲದವರು ಬೇಸಿಗೆಯಲ್ಲಿ ಜೆಸಿಬಿ ತರಿಸಿ ದಾರಿಯನ್ನೂ ಸೇರಿಸಿ ಸಮ ಮಾಡಿಬಿಟ್ಟರು. ಕೇಳಿದರೆ, "ಪಹಣಿಯಲ್ಲಿ ದಾರಿ ಅಂತ ಎಲ್ಲಿದೆ ತೋರಿಸು" ಅಂದರು. ಮದುವೆ ಮನೆಯಲ್ಲಿ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುವವರು ನಾವು, ಪೊಲೀಸು ಗಿಲೀಸು ನನಗೆ ಇಷ್ಟವಿಲ್ಲ.

ಈ ಸಲ ಈರುಳ್ಳಿ ಕಿತ್ತಾಗ ಟ್ರ್ಯಾಕ್ಟರ್ ಹಳ್ಳದ ಆಚೆಗೇ ನಿಂತಿತು. ಮೇಲೆ ಮೋಡ. 82 ಚೀಲ ತಲೆ ಮೇಲೆ ಹೊರಿಸಿದೆ, ಚೀಲಕ್ಕೆ 30 ರೂಪಾಯಿ ಜಾಸ್ತಿ ಕೂಲಿ. ನೆಂದ ಎರೆ ಮಣ್ಣು ಗೊತ್ತಲ್ವಾ, ಹತ್ತು ಹೆಜ್ಜೆಗೊಮ್ಮೆ ನಿಂತು ಕಾಲು ಕೆರೆದುಕೊಳ್ಳಬೇಕು. ಬೇಲಿ ಇಲ್ಲದ ಕಡೆ ದಾರಿ ತುಂಬ ಬಳ್ಳಾರಿ ಜಾಲಿ. ಬೈಕು ಎರಡು ಸಲ ಪಂಕ್ಚರ್.

ಎಲ್ಲಿಂದ ಶುರು ಮಾಡಲಿ?

ಸರಪಳಿ ಹಿಡಿದವ:

ಸರ್ವೆ ಕೆಲಸದಲ್ಲೇ ತಲೆ ಹಣ್ಣಾದವನು ನಾನು. ನಿಮ್ಮದು ನಕಾಶೆ ಕಂಡ ದಾರಿಯೋ, ರೂಢಿ ದಾರಿಯೋ? ಅದು ಗೊತ್ತಾಗದೆ ಬಾಯಿ ಬಿಡಬೇಡಿ. ಎರಡಕ್ಕೂ ಮದ್ದು ಬೇರೆ.

ಪಹಣಿ ಹಿಡಿದುಕೊಂಡು ಜಗಳವಾಡುವುದು ಸುಮ್ನೆ. ಅದರಲ್ಲಿ ಖರಾಬು, ಅಂದರೆ ಸಾಗುವಳಿ ಲೆಕ್ಕಕ್ಕೆ ಸೇರದ ಜಾಗ, ಎಷ್ಟು ಅಂತ ಇರುತ್ತದೆ, ದಾರಿಯ ಗೆರೆ ಇರುವುದಿಲ್ಲ. ಗೆರೆ ಇರುವುದು ಗ್ರಾಮ ನಕಾಶೆಯಲ್ಲಿ. ಭೂದಾಖಲೆ ಇಲಾಖೆಯ ವೆಬ್‌ಸೈಟಿನಲ್ಲಿ ಪಿಡಿಎಫ್ ಸಿಗುತ್ತದೆ. ಜೋಡಿ ಚುಕ್ಕೆ ಗೆರೆ ಇದ್ದರೆ ಬಂಡಿ ದಾರಿ, ಒಂಟಿ ಚುಕ್ಕೆ ಗೆರೆ ಇದ್ದರೆ ಕಾಲುದಾರಿ. ಆಮೇಲೆ ಬೇಲಿ ಹಾಕಿದ ಸರ್ವೆ ನಂಬರಿನ ಆಕಾರ್‌ಬಂದ್, ಟಿಪ್ಪಣಿ ತೆಗೆಸಿ; ಮೊದಲನೆಯದರಲ್ಲಿ ವಿಸ್ತೀರ್ಣದ ಲೆಕ್ಕ, ಎರಡನೆಯದರಲ್ಲಿ ಅಳತೆಯ ನಕ್ಷೆ. 'ಬ' ಖರಾಬು ಇದೆಯಾ ನೋಡಿ. ದಾರಿ, ಹಳ್ಳ ಇವೆಲ್ಲ ಅದರಲ್ಲಿ ಬರುತ್ತವೆ. 'ಅ' ಖರಾಬು ಬೇರೆ, ಅದು ಉಳುಮೆಗೆ ಬಾರದ ಜಾಗ.

ಒಂದು ಲೆಕ್ಕ ಹೇಳುತ್ತೇನೆ. ದಾರಿಗೆ ಅಂತ 6 ಗುಂಟೆ 'ಬ' ಖರಾಬು ಇದೆ, ಆ ನಂಬರಿನೊಳಗೆ ದಾರಿಯ ಉದ್ದ 18 ಸರಪಳಿ ಅಂತಿಟ್ಟುಕೊಳ್ಳಿ. ಗುಂಟೆಗೆ 1,089 ಚದರ ಅಡಿ, ಸರಪಳಿಗೆ 33 ಅಡಿ. ಭಾಗಿಸಿದರೆ ದಾರಿಯ ಅಗಲ ಸರಿಯಾಗಿ 11 ಅಡಿ ಬರುತ್ತದೆ. ಆಗ "ಎಲ್ಲಿದೆ ತೋರಿಸು" ಅಂದವರಿಗೆ ಅಡಿ ಲೆಕ್ಕದಲ್ಲಿ ತೋರಿಸಬಹುದು.

ನಕಾಶೆಯಲ್ಲಿದ್ದರೆ ಆ ದಾರಿ ಸರ್ಕಾರದ್ದು. 1964ರ ಭೂ ಕಂದಾಯ ಕಾಯ್ದೆಯ 67ನೇ ಕಲಂ. ತಹಶೀಲ್ದಾರರಿಗೆ ಅರ್ಜಿ ಕೊಡಿ, ಅಳತೆಗೆ ಕೇಳಿ. ದಿಶಾಂಕ್ ಆ್ಯಪ್ ತೆರೆದುಕೊಂಡು ಬದುವಿನ ಮೇಲೆ ಕುಸ್ತಿಗೆ ನಿಲ್ಲಬೇಡಿ. ಅದು ನಿಂತ ಜಾಗ ಯಾವ ನಂಬರು ಅಂತ ತಿಳಿಯುವುದಕ್ಕೆ, ಕಲ್ಲು ನೆಡುವುದಕ್ಕಲ್ಲ.

ಕರಿಕೋಟು, ದಾವಣಗೆರೆ:

ನಕಾಶೆಯಲ್ಲಿ ಇಲ್ಲದಿದ್ದರೆ 1882ರ ಈಸ್‌ಮೆಂಟ್ ಕಾಯ್ದೆ, ಅಂದರೆ ಬೇರೆಯವರ ಜಾಗದಲ್ಲಿ ಓಡಾಡುವಂಥ ಹಕ್ಕಿನ ಕಾಯ್ದೆ. ಖಾಸಗಿ ಹೊಲದ ಮೇಲೆ 20 ವರ್ಷ ಅಡ್ಡಿಯಿಲ್ಲದೆ, ಹಕ್ಕಿನಿಂದ ಓಡಾಡಿರಬೇಕು. ಕೇಳಿಕೊಂಡು ಓಡಾಡಿದ್ದು ಲೆಕ್ಕಕ್ಕಿಲ್ಲ. "ಪಾಪ ಅಂತ ನಾವೇ ಬಿಟ್ಟಿದ್ದೆವು" ಎಂದು ಅವರು ಸಾಬೀತು ಮಾಡಿದರೆ ಕೇಸು ಮಲಗಿತು. ಇನ್ನೊಂದು, ಆ 20 ವರ್ಷ ದಾವೆ ಹಾಕುವುದಕ್ಕೆ ಹಿಂದಿನ ಎರಡು ವರ್ಷದೊಳಗೆ ಮುಗಿದಿರಬೇಕು. ಬೇಲಿ ಬಿದ್ದ ಮೇಲೆ ವರ್ಷಗಟ್ಟಲೆ ಸುಮ್ಮನಿದ್ದು ಬರುವವರೇ ಜಾಸ್ತಿ.

ತಹಶೀಲ್ದಾರರು ದಂಡಾಧಿಕಾರಿಯಾಗಿಯೂ ಆದೇಶ ಮಾಡಬಹುದು. ಮೊದಲು ಸಿಆರ್‌ಪಿಸಿ (ದಂಡ ಪ್ರಕ್ರಿಯಾ ಸಂಹಿತೆ) 147ನೇ ಕಲಂ ಇತ್ತು, 2024ರ ಜುಲೈಯಿಂದ ಅದರ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್ ಕಾಯ್ದೆಯ 166ನೇ ಕಲಂ. ಅಲ್ಲೂ ಗಡುವಿದೆ: ವರ್ಷವಿಡೀ ಬಳಸುವ ದಾರಿಯಾದರೆ ಹಿಂದಿನ ಮೂರು ತಿಂಗಳಲ್ಲಿ, ಸುಗ್ಗಿಗೆ ಮಾತ್ರ ಬಳಸುವುದಾದರೆ ಹಿಂದಿನ ಸುಗ್ಗಿಯಲ್ಲಿ ಬಳಸಿರಬೇಕು.

ಜಗಳೂರು ಸೀಮೆಯವಳು:

ಕಾನೂನು ಅವರು ಹೇಳಿದ್ದಾರೆ, ಜಾಲಿ ನಾನು ಹೇಳುತ್ತೇನೆ. ಬುಡ ಕೊಯ್ದು ಬಿಟ್ಟರೆ ಒಂದಕ್ಕೆ ಹತ್ತು ಚಿಗುರುತ್ತದೆ. ನೆಲದೊಳಗೆ ಅಗೆದು ಗಡ್ಡೆ ಸಮೇತ ಕೀಳಬೇಕು. ಕಾಯಿ ಉದುರುವ ಮೊದಲೇ ಕೀಳಿ, ಕುರಿ ಮೇಕೆ ತಿಂದು ಹಿಕ್ಕೆಯಲ್ಲಿ ದಾರಿಯುದ್ದಕ್ಕೂ ಬಿತ್ತುತ್ತವೆ. ನಮ್ಮಲ್ಲಿ ಗ್ರಾಮಸಭೆಯಲ್ಲಿ ಬರೆಸಿ ನರೇಗಾದ 'ನಮ್ಮ ಹೊಲ ನಮ್ಮ ದಾರಿ'ಯಲ್ಲಿ ಮಣ್ಣು, ಗರಸು ಹಾಕಿಸಿದೆವು. ಮೊದಲ ಮಳೆಗೇ ಕೆಸರು! ಪಕ್ಕದಲ್ಲಿ ನೀರು ಹೋಗಲು ಕಾಲುವೆ ತೆಗೆದಿರಲಿಲ್ಲ. ಎರೆ ನೆಲದಲ್ಲಿ ಮೊದಲು ಕಾಲುವೆ, ಆಮೇಲೆ ಗರಸು.

ಈರುಳ್ಳಿ ಹೊಲದವ:

ನಕಾಶೆ ಸಿಕ್ಕಿತು. ಬೇವಿನ ಮರದವರೆಗೆ ಜೋಡಿ ಚುಕ್ಕೆ ಗೆರೆ ಇದೆ, ಬೇಲಿಯೊಳಗೇ ಹಾದು ಹೋಗಿದೆ. ಅದನ್ನು ಕೆಳಗಿನ ಹೊಲದವರಿಗೇ ಮೊದಲು ತೋರಿಸಿದೆ. ಕನ್ನಡಕ ಹಾಕಿಕೊಂಡು ತುಂಬ ಹೊತ್ತು ನೋಡಿದರು. ಆಮೇಲೆ ಬೆರಳಿಟ್ಟು, "ಇದೇನು?" ಅಂದರು.

ಮರದಿಂದ ಮುಂದೆ ಒಂಟಿ ಚುಕ್ಕೆ ಗೆರೆ. ನಮ್ಮ ಹೊಲದ ಮೂಡಣ ಬದುವಿನ ಗುಂಟ ಹೋಗಿ ಆಚೆ ಊರು ಸೇರುತ್ತದೆ. ಅಲ್ಲಿ ಈಗ ಕಾಲುದಾರಿ ಇಲ್ಲ, ನಮ್ಮ ಮೆಕ್ಕೆಜೋಳ ಇದೆ. ಅಪ್ಪ ಯಾವಾಗ ಉತ್ತರೋ ಗೊತ್ತಿಲ್ಲ. ನಾನಂತೂ ಅಲ್ಲಿ ಯಾರೂ ನಡೆದದ್ದು ನೋಡಿಲ್ಲ.

ಇಬ್ಬರೂ ಸೇರಿ ಅಳತೆಗೆ ಅರ್ಜಿ ಕೊಟ್ಟಿದ್ದೇವೆ. ಅವರು ಬೇಲಿ ಕಂಬ ಸರಿಸುತ್ತಾರಂತೆ, ನಾನು ನಾಲ್ಕು ಸಾಲು ಬಿಡಬೇಕಂತೆ. ಅಮ್ಮನಿಗೆ ಇನ್ನೂ ಹೇಳಿಲ್ಲ.