ಕಫದಲ್ಲಿ ಕ್ರಿಮಿ ಇಲ್ಲ ಅಂದರು, ಆದ್ರೂ ಆಯಿಗೆ ಆರು ತಿಂಗಳು ಅಜಿತ್ರೋಮೈಸಿನ್ ಯಾಕೆ?

ತೋಟದಮನೆ (ಶಿರಸಿ):
ಆಯಿಗೆ 67. ಬ್ರಾಂಕಿಯೆಕ್ಟಾಸಿಸ್ ಇದೆ, ಶ್ವಾಸನಾಳ ಅಗಲವಾಗಿ ಕಫ ನಿಲ್ಲುವ ಕಾಯಿಲೆ. ಮಳೆ ಹಿಡಿಯಿತು ಅಂದರೆ ಕೆಮ್ಮು ಶುರು, ಬೆಳಿಗ್ಗೆ ಬಚ್ಚಲೊಲೆಗೆ ಹಸಿ ಕಟ್ಟಿಗೆ ಒಟ್ಟಿ ಊದುತ್ತ ಕೂತರಂತೂ ಅರ್ಧ ಲೋಟ ಹಳದಿ ಕಫ. ಕಫ ಟೆಸ್ಟಿನಲ್ಲಿ ಏನೂ ಬೆಳೆಯಲಿಲ್ಲ. ಆದರೂ ಡಾಕ್ಟರು ಸೋಮವಾರ, ಬುಧವಾರ, ಶುಕ್ರವಾರ 500 ಮಿ.ಗ್ರಾಂ. ಅಜಿತ್ರೋಮೈಸಿನ್ ಎಂಬ ಆಂಟಿಬಯೋಟಿಕ್ ಬರೆದಿದ್ದಾರೆ, ಆರು ತಿಂಗಳು! ಗಂಟಲು ನೋವಿಗೆ ಮೂರು ದಿನ ನುಂಗುವ ಮಾತ್ರೆ ಅಲ್ವಾ ಇದು?

ಕಾಳಿದಂಡೆ (ಕಾರವಾರ):
ಫಾರ್ಮಕಾಲಜಿ ಓದಿದವನು ನಾನು, ಡಾಕ್ಟರ್ ಅಲ್ಲ. ಇಲ್ಲಿ ಮಾತ್ರೆಯ ಮುಖ್ಯ ಕೆಲಸ ಕ್ರಿಮಿ ಕೊಲ್ಲುವುದಲ್ಲ, ನಮ್ಮದೇ ಬಿಳಿ ರಕ್ತಕಣಗಳನ್ನು ಸ್ವಲ್ಪ ತಣ್ಣಗೆ ಮಾಡುವುದು. ಆ ಹಳದಿ ಕಫದಲ್ಲಿ ತುಂಬಿರುವುದು ಹೆಚ್ಚಾಗಿ ಆ ಬಿಳಿ ಕಣಗಳಲ್ಲೇ ಒಂದು ಜಾತಿಯಾದ ನ್ಯೂಟ್ರೋಫಿಲ್‌ಗಳು. ಅವು ಬಿಡುವ ಎಲಾಸ್ಟೇಸ್ ಎಂಬ ಕಿಣ್ವ ಶ್ವಾಸನಾಳದ ಗೋಡೆಯನ್ನೇ ತಿನ್ನುತ್ತದೆ, ಗೋಡೆ ಸಡಿಲವಾದಷ್ಟೂ ಕಫ ನಿಲ್ಲುತ್ತದೆ, ಕಫ ನಿಂತಷ್ಟೂ ಇನ್ನಷ್ಟು ನ್ಯೂಟ್ರೋಫಿಲ್ ಓಡಿ ಬರುತ್ತವೆ. ಅವನ್ನು ಕೂಗಿ ಕರೆಯುವುದು ಐಎಲ್-8 ಎಂಬ ಸಂಕೇತ. ಅಜಿತ್ರೋಮೈಸಿನ್ ಆ ಕೂಗನ್ನು ತಗ್ಗಿಸುತ್ತದೆ. ಸತ್ತ ಕಣಗಳನ್ನು ನುಂಗಿ ಜಾಗ ಗುಡಿಸುವ ಮ್ಯಾಕ್ರೋಫೇಜ್‌ಗಳಿಗೂ ಚುರುಕು ಬರುತ್ತದೆ. ಮಾತ್ರೆ ಈ ಕಣಗಳ ಒಳಗೇ ಹೋಗಿ ದಿನಗಟ್ಟಲೆ ಕೂರುತ್ತದೆ, ಅದಕ್ಕೇ ವಾರಕ್ಕೆ ಮೂರೇ ಸಾಕು.

ಇದು ಮೊದಲು ಗಮನಕ್ಕೆ ಬಂದದ್ದು 1980ರ ದಶಕದ ಜಪಾನಿನಲ್ಲಿ. ಡಿಫ್ಯೂಸ್ ಪ್ಯಾನ್‌ಬ್ರಾಂಕಿಯೊಲೈಟಿಸ್ ಎಂಬ ಸಣ್ಣ ಶ್ವಾಸನಾಳಗಳ ಕಾಯಿಲೆಗೆ, ಇದೇ ಗುಂಪಿನ ಔಷಧಿಯಾದ ಎರಿತ್ರೋಮೈಸಿನ್ ಅನ್ನು ಕಡಿಮೆ ಡೋಸಿನಲ್ಲಿ ತಿಂಗಳುಗಟ್ಟಲೆ ಕೊಟ್ಟರು. ಅವರ ಕಫದಲ್ಲಿದ್ದ ಸ್ಯೂಡೊಮೊನಾಸ್ ಎಂಬ ಕ್ರಿಮಿ ಆ ಔಷಧಿಗೆ ಸಾಯುವ ಜಾತಿಯೇ ಅಲ್ಲ, ಆದರೂ ರೋಗಿಗಳು ಚೇತರಿಸಿಕೊಂಡರು! ನಿಮ್ಮ ಆಯಿಯ ಲೆಕ್ಕಾಚಾರ ಬಹುಶಃ ನ್ಯೂಜಿಲೆಂಡಿನದು: 2012ರಲ್ಲಿ ಪ್ರಕಟವಾದ 141 ಜನರ ಪ್ರಯೋಗ, ಇದೇ ಸೋಮ-ಬುಧ-ಶುಕ್ರ, ಇದೇ 500, ಇದೇ ಆರು ತಿಂಗಳು. ಕಾಯಿಲೆ ಉಲ್ಬಣಿಸುವುದು ಅರ್ಧಕ್ಕಿಂತ ಕೆಳಗೆ ಇಳಿಯಿತು.

ಮೀನುಪ್ರಿಯ (ಕುಮಟಾ):
ಅಪ್ಪನಿಗೆ ಸಿಗರೇಟಿನಿಂದ ಸಿಒಪಿಡಿ (ಶ್ವಾಸನಾಳ ಕಿರಿದಾಗಿ ದಮ್ಮು ಕಟ್ಟುವ ಕಾಯಿಲೆ), ಇದನ್ನೇ ಒಂದು ವರ್ಷ ನುಂಗಿದರು. ದಮ್ಮು ಹೆಚ್ಚಾಗಿ ಅಡ್ಮಿಟ್ ಆಗುವುದು ತಪ್ಪಿತು, ಸುಳ್ಳಲ್ಲ. ಆದರೆ ಟಿವಿ ಸೌಂಡ್ ಏರುತ್ತಾ ಹೋಯಿತು, ಪಕ್ಕದ ಮನೆಯವರು ಹೇಳುವವರೆಗೆ ನಮಗೆ ಹೊಳೆಯಲೇ ಇಲ್ಲ. ಕಿವಿ ಟೆಸ್ಟ್ ಮಾಡಿಸಿಕೊಳ್ಳಿ, ಮೊದಲೇ.

ಕಾಳಿದಂಡೆ:
ಸರಿಯಾದ ಮಾತು. 2011ರಲ್ಲಿ ಬಂದ ಅಮೆರಿಕದ ಸಿಒಪಿಡಿ ಪ್ರಯೋಗದಲ್ಲಿ ಕಿವಿ ಮಂದವಾದದ್ದು ಮಾತ್ರೆಯವರಲ್ಲಿ 25%, ಸುಮ್ನೆ ಹುಸಿಮಾತ್ರೆ ತಿಂದವರಲ್ಲಿ 20%. ಇನ್ನೆರಡು ಎಚ್ಚರಿಕೆ ಇವೆ. ಇಸಿಜಿ ಬೇಕು, ಅದರಲ್ಲಿ ಕಾಣುವ ಕ್ಯೂಟಿ ಎಂಬ ಅವಧಿ ಉದ್ದವಿದ್ದರೆ ಈ ಮಾತ್ರೆಯಿಂದ ಹೃದಯಕ್ಕೆ ಅಪಾಯ. ಕಫದಲ್ಲಿ ಟಿಬಿ ಜಾತಿಯ ಬೇರೆ ಮೈಕೊಬ್ಯಾಕ್ಟೀರಿಯಾ ಇದೆಯಾ ಎಂದೂ ನೋಡಿರಬೇಕು. ಇದ್ದು, ಇದೊಂದೇ ಮಾತ್ರೆ ಕೊಟ್ಟರೆ ಆ ಕ್ರಿಮಿ ಮಾತ್ರೆಗೆ ಪಳಗಿಬಿಡುತ್ತದೆ, ಆಮೇಲೆ ಮಣಿಸುವುದು ಬಲು ಕಷ್ಟ. ಹಾಗಾಗಿ ಇದನ್ನು ಓದಿ ಮೆಡಿಕಲ್ ಶಾಪಿಗೆ ಓಡುವವರು ದಯವಿಟ್ಟು ಓಡಬೇಡಿ.

ತೋಟದಮನೆ:
ಥ್ಯಾಂಕ್ಸ್. ಇಸಿಜಿ ಆದದ್ದು ಎರಡು ವರ್ಷದ ಹಿಂದೆ, ಕಣ್ಣಿನ ಆಪರೇಶನ್ ಹೊತ್ತಿಗೆ. ನಾಳೆ ಡಾಕ್ಟರಿಗೆ ಫೋನ್ ಮಾಡಿ ಕೇಳುತ್ತೇನೆ. ಬಚ್ಚಲೊಲೆ ಬಿಟ್ಟು ಗೀಸರ್ ಹಾಕಿಸೋಣ ಅಂದರೆ ಮಾತ್ರ ಆಯಿ ಕೇಳುತ್ತಿಲ್ಲ, ಹಂಡೆಯ ನೀರೇ ಆಗಬೇಕಂತೆ.