‘ಕರೆನ್ಸಿ ಹಾಕಿಸು’: ಈ ಮಾತು ನಿಮ್ಮ ಕಡೆ ಇನ್ನೂ ಇದೆಯೇ?

ಗೆಳೆಯರೇ,

ಮೊಬೈಲಿಗೆ ದುಡ್ಡು ತುಂಬಿಸುವುದಕ್ಕೆ ‘ಕರೆನ್ಸಿ ಹಾಕಿಸು’ ಅನ್ನುತ್ತೇವಲ್ಲ, ಆ ಬಳಕೆಯ ಬಗ್ಗೆ ಕೇಳಬೇಕಿತ್ತು. ‘ಕರೆನ್ಸಿ ಖಾಲಿ’, ‘ಕರೆನ್ಸಿ ಎಷ್ಟಿದೆ ನೋಡು’, ‘ಕರೆನ್ಸಿ ಇಲ್ಲ, ನೀನೇ ಫೋನ್ ಮಾಡು’. ಮೈಸೂರು, ಮಂಡ್ಯದ ಕಡೆ ಇವು ಎಲ್ಲರ ಬಾಯಲ್ಲೂ ಇದ್ದ ಮಾತುಗಳು. ಇಂಗ್ಲಿಷಿನಲ್ಲಿ ಕರೆನ್ಸಿ ಅಂದರೆ ಒಂದು ದೇಶದಲ್ಲಿ ಚಲಾವಣೆಯಲ್ಲಿರುವ ಹಣ, ಅಷ್ಟೇ. ಸಿಮ್ಮಿನೊಳಗೆ ಉಳಿದಿರುವ ದುಡ್ಡಿಗೆ ಇಂಗ್ಲಿಷಿನವರು ಆ ಹೆಸರು ಹೇಳುವುದಿಲ್ಲ. ಪದ ಅವರದು, ಅರ್ಥ ನಾವು ಕೊಟ್ಟಿದ್ದು.

ಬೇರೆಯವರು ಇದಕ್ಕೆ ಏನನ್ನುತ್ತಾರೆ ಅಂತ ನೋಡಿದರೆ ಮಜಾ ಇದೆ. ಹಿಂದಿಯವರಿಗೆ ಬ್ಯಾಲೆನ್ಸ್. ಫಿಲಿಪ್ಪೀನ್ಸಿನಲ್ಲಿ ಲೋಡ್. ನೈಜೀರಿಯಾ, ಕೆನ್ಯಾದಲ್ಲಿ ಏರ್‌ಟೈಮ್. ಇಂಡೋನೇಷ್ಯಾದವರದು ‘ಪುಲ್ಸಾ’. ಅದು ಹಳೇ ಲ್ಯಾಂಡ್‌ಲೈನ್ ಮೀಟರಿನ ‘ಪಲ್ಸ್’ನಿಂದ, ಅಂದರೆ ಕರೆಯ ದುಡ್ಡು ಲೆಕ್ಕ ಹಾಕುವ ಅಳತೆಯಿಂದ ಬಂದದ್ದು. ನಮ್ಮ ಎಸ್‌ಟಿಡಿ ಬೂತಿನವರೂ ಪಲ್ಸ್ ಲೆಕ್ಕ ಹಾಕಿಯೇ ದುಡ್ಡು ತೆಗೆದುಕೊಳ್ಳುತ್ತಿದ್ದರು. ಆದರೆ ಆ ಪದ ಬೂತಿನಿಂದ ಆಚೆಗೆ ಬರಲೇ ಇಲ್ಲ.

ಬ್ಯಾಲೆನ್ಸ್ ನಮ್ಮಲ್ಲೂ ಇತ್ತು, ಈಗಲೂ ಇದೆ. ಹಾಗಿದ್ದರೂ ಕರೆನ್ಸಿ ಅದನ್ನು ಹಿಂದೆ ಹಾಕಿದ್ದು ಹೇಗೆ? ನನ್ನ ಊಹೆ ಹೀಗಿದೆ. ಕನ್ನಡದ ಅಂಗಡಿ ಮಾತಿನಲ್ಲಿ ‘ಬ್ಯಾಲೆನ್ಸ್’ ಅಂದರೆ ಹೆಚ್ಚಾಗಿ ಕೊಡಬೇಕಾದ ದುಡ್ಡು. ‘ಬ್ಯಾಲೆನ್ಸ್ ನಾಳೆ ಕೊಡ್ತೀನಿ’ ಅಂದರೆ ಸಾಲ. ಕನ್ನಡದಲ್ಲಿ ಬೇರೂರಿರುವ ‘ಬಾಕಿ’ ಇನ್ನೂ ಕಷ್ಟ. ‘ಬಾಕಿ ಎಷ್ಟಿದೆ?’ ಅಂತ ಕೇಳಿದರೆ ಯಾರಿಗಾದರೂ ಎದೆ ಡವಡವ ಅನ್ನಬೇಕು. ಇನ್ನು ‘ಶಿಲ್ಕು’, ಅಂದರೆ ಲೆಕ್ಕದಲ್ಲಿ ಕೈಯಲ್ಲಿ ಉಳಿದ ಹಣ, ಸರಿಯಾದ ಪದವೇನೋ ಹೌದು. ಸೊಸೈಟಿ ಲೆಕ್ಕದಲ್ಲಿ ‘ಆರಂಭ ಶಿಲ್ಕು’, ‘ಅಖೈರು ಶಿಲ್ಕು’ ಅಂತ ಬರೆಯುತ್ತಿದ್ದದ್ದು ಇದನ್ನೇ. ಆದರೆ ‘ಮೊಬೈಲಲ್ಲಿ ಶಿಲ್ಕು ಇಲ್ಲ’ ಅಂದವರನ್ನು ನಾನಂತೂ ಕಂಡಿಲ್ಲ. ಪ್ರಿಪೇಯ್ಡ್ ಅಂದರೆ ಮೊದಲೇ ಕೊಟ್ಟ ಹಣ, ಅಲ್ಲಿ ಸಾಲದ ಮಾತೇ ಇಲ್ಲ. ಬಾಕಿಯ ವಾಸನೆ ಇಲ್ಲದ ಪದ ಬೇಕಿತ್ತು, ಕರೆನ್ಸಿ ಆ ಜಾಗದಲ್ಲಿ ಕೂತಿತು.

ಜೊತೆಗೆ ಇನ್ನೊಂದು ಅನುಕೂಲ. ಕರೆನ್ಸಿಯಲ್ಲಿ ‘ಕರೆ’ ಇದೆ! ಕರೆ ಮಾಡಲು ಬೇಕಾದದ್ದು ಕರೆನ್ಸಿ. ಇದು ಸುಮ್ನೆ ತಮಾಷೆ, ವ್ಯುತ್ಪತ್ತಿ ಅಂತ ಯಾರೂ ಬರೆದಿಟ್ಟುಕೊಳ್ಳಬೇಡಿ.

ನನಗೆ ಪದಕ್ಕಿಂತ ಅದರ ಜೊತೆ ಬರುವ ಕ್ರಿಯಾಪದದ ಬಗ್ಗೆ ಕುತೂಹಲ ಜಾಸ್ತಿ. ಕರೆನ್ಸಿಯನ್ನು ‘ಮಾಡಿಸು’ ಅನ್ನುವುದಿಲ್ಲ, ‘ಹಾಕಿಸು’ ಅನ್ನುತ್ತೇವೆ. ಪೆಟ್ರೋಲ್ ಹಾಕಿಸುತ್ತೇವೆ, ಹಾಲು ಹಾಕಿಸಿಕೊಳ್ಳುತ್ತೇವೆ, ಹಾಗೇ ಕರೆನ್ಸಿ. ಅಂದರೆ ಅದು ಪಾತ್ರೆಯೊಳಗೆ ಬೀಳುವ ಒಂದು ವಸ್ತು, ಹಾಕುವವರು ಬೇರೆಯವರು. ಆ ‘-ಇಸು’ ಒಳಗೆ ಒಬ್ಬ ಅಂಗಡಿಯವನು ಕೂತಿದ್ದಾನೆ. ಮೊದಮೊದಲು ಅವನು ಗಾಜಿನ ಕೌಂಟರಿನ ಮೇಲೆ ಸ್ಕ್ರ್ಯಾಚ್ ಕಾರ್ಡ್ ಇಟ್ಟು, ನಾಣ್ಯದಿಂದ ಬೂದು ಬಣ್ಣ ಕೆರೆದು, ನಂಬರ್ ಒತ್ತಿಕೊಡುತ್ತಿದ್ದ. ಆಮೇಲೆ ಕಾರ್ಡ್ ಹೋಗಿ ನೋಟ್‌ಬುಕ್ ಬಂತು. ನಮ್ಮ ನಂಬರ್ ನಾವೇ ಬರೆದು, ಪಕ್ಕದಲ್ಲಿ 30 ಅಥವಾ 50 ಅಂತ ಹಾಕಿ ಬರುತ್ತಿದ್ದೆವು. ಅವನು ಒಂದು ಸಣ್ಣ ಫೋನಿನಿಂದ ಸಾಲಾಗಿ ಹಾಕುತ್ತಾ ಹೋಗುತ್ತಿದ್ದ, ಹಾಕಿದ್ದಕ್ಕೆಲ್ಲ ಟಿಕ್. ‘ಬಂತಾ ನೋಡಿ’ ಅನ್ನುವುದು ಅವನ ಕೊನೆಯ ಮಾತು.

ಈಗ ನಮ್ಮ ಫೋನಿಗೆ ನಾವೇ ಯುಪಿಐನಿಂದ ದುಡ್ಡು ಕಟ್ಟುತ್ತೇವೆ. ಅಲ್ಲಿ ‘-ಇಸು’ಗೆ ಕೆಲಸವಿಲ್ಲ. ನಮ್ಮ ಮನೆಯ ಹುಡುಗರು ‘ರೀಚಾರ್ಜ್ ಮಾಡ್ಕೊಂಡೆ’ ಅನ್ನುತ್ತಾರೆ, ‘ಕರೆನ್ಸಿ ಹಾಕ್ಕೊಂಡೆ’ ಅನ್ನುವುದಿಲ್ಲ. ಅಂಗಡಿಯವನು ಮಾತಿನಿಂದ ಹೊರಟಾಗ ಕರೆನ್ಸಿಯನ್ನೂ ಜೊತೆಗೇ ಕರೆದುಕೊಂಡು ಹೋದ ಅನ್ನಿಸುತ್ತದೆ. ನಿಮ್ಮ ಕಡೆ ‘ಹಾಕ್ಕೊಂಡೆ’ ಕೇಳಿದ್ದರೆ ದಯವಿಟ್ಟು ಬರೆಯಿರಿ. ನನ್ನ ಈ ವಾದಕ್ಕೆ ಅದೇ ನೇರ ಪರೀಕ್ಷೆ.

ಆದರೆ ಪದ ಹಿಂದೆ ಸರಿದದ್ದಕ್ಕೆ ದೊಡ್ಡ ಕಾರಣ ಲೆಕ್ಕದ ರೀತಿಯೇ ಬದಲಾದದ್ದು. 2003ರಲ್ಲಿ ಒಳಬರುವ ಕರೆ ಪುಕ್ಕಟೆ ಆಗುವವರೆಗೂ ಎತ್ತಿದರೂ ದುಡ್ಡು ಹೋಗುತ್ತಿತ್ತು. 2009ರ ಹೊತ್ತಿಗೆ ಸೆಕೆಂಡಿಗೆ ಒಂದು ಪೈಸೆಯ ದರ ಬಂತು. ಮಾತು ಮುಗಿದ ತಕ್ಷಣ ಎಷ್ಟು ಕಟ್ ಆಯಿತು, ಎಷ್ಟು ಉಳಿಯಿತು ಅಂತ ಪರದೆಯ ಮೇಲೆ ಬರುತ್ತಿತ್ತು. ಕಣ್ಣೆದುರೇ ಸವೆಯುವ ದುಡ್ಡಿಗೆ ಕರೆನ್ಸಿ ಅನ್ನುವ ಹೆಸರು ಒಪ್ಪುತ್ತಿತ್ತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ಮೇಲೆ ಮಾತಿಗೆ ಲೆಕ್ಕವೇ ಇಲ್ಲದಂತಾಯಿತು. ಅದೇ ನವೆಂಬರಿನಲ್ಲಿ ನೋಟು ರದ್ದಾಗಿ, ಪೇಪರಿನ ತುಂಬ ‘ಕರೆನ್ಸಿ ಕೊರತೆ’! ಈಗ ನಾವು ಕೊಳ್ಳುವುದು ದಿನಗಳನ್ನು. 28 ದಿನ, 56 ದಿನ, 84 ದಿನ. 28ರ ಲೆಕ್ಕದಲ್ಲಿ ವರ್ಷಕ್ಕೆ 12 ಅಲ್ಲ, 13 ಸಲ ಕಟ್ಟಬೇಕು. ಇದನ್ನು ಯಾರು ಕಂಡುಹಿಡಿದರೋ, ಬಲು ಬುದ್ಧಿವಂತರು.

ಇದರಿಂದ ಹಳಬರಿಗೆ ಆಗುವ ಫಜೀತಿ ಹೇಳುತ್ತೇನೆ. ನಮ್ಮ ಚಿಕ್ಕಮ್ಮ ಬಟನ್ ಫೋನ್ ಇಟ್ಟುಕೊಂಡಿದ್ದಾರೆ. ಫೋನ್ ಹೋಗುತ್ತಿಲ್ಲ ಅಂತ ಅಂಗಡಿಗೆ ಹೋಗಿ, ‘ನೂರು ರೂಪಾಯಿ ಕರೆನ್ಸಿ ಹಾಕಪ್ಪ’ ಅಂದರು. ಅಂಗಡಿಯ ಹುಡುಗ ಅವರು ಕೇಳಿದ್ದನ್ನೇ ಹಾಕಿದ. ತೆರಿಗೆ, ಪ್ರೊಸೆಸಿಂಗ್ ಶುಲ್ಕ ಎಲ್ಲ ಕಳೆದು 81 ರೂಪಾಯಿ 75 ಪೈಸೆ ಬಂತು. ಫೋನ್ ಮಾತ್ರ ಹೋಗಲಿಲ್ಲ. ವಾಪಸ್ ಹೋದರೆ ಅವನು, ‘ಕರೆನ್ಸಿ ಇದೆಯಮ್ಮ, ಪ್ಯಾಕ್ ಇಲ್ಲ’ ಅಂದನಂತೆ. ‘ದುಡ್ಡು ಇದ್ದ ಮೇಲೆ ಪ್ಯಾಕ್ ಯಾಕೋ?’ ಅಂತ ಚಿಕ್ಕಮ್ಮ. ಅವರದು ಸರಿಯಾದ ಪ್ರಶ್ನೆ ಅಲ್ವಾ? ಹುಡುಗನದೂ ತಪ್ಪಿಲ್ಲ. ಚಿಕ್ಕಮ್ಮನಿಗೆ ಕರೆನ್ಸಿ ಅಂದರೆ ಫೋನ್ ನಡೆಯಲು ಏನು ಬೇಕೋ ಅದೆಲ್ಲ. ಅವನಿಗೆ ಅದು ಟಾಪ್‌ಅಪ್, ಅಂದರೆ ಬರೀ ದುಡ್ಡು ಮಾತ್ರ; ಫೋನ್ ನಡೆಯುವ ದಿನಗಳನ್ನು ಕೊಡುವ ಪ್ಯಾಕ್ ಬೇರೆ. ಒಂದೇ ಪದ, ಕೌಂಟರಿನ ಈಚೆ ಒಂದು ಅರ್ಥ, ಆಚೆ ಇನ್ನೊಂದು.

ಹಾಗಾಗಿ ಕೇಳುವುದು ಇಷ್ಟು. ಧಾರವಾಡ, ಬಳ್ಳಾರಿ, ಕಲಬುರಗಿ, ಕರಾವಳಿ, ಕಾಸರಗೋಡಿನ ಗೆಳೆಯರೇ, ನಿಮ್ಮಲ್ಲಿ ಕರೆನ್ಸಿ ಇತ್ತೇ, ಈಗಲೂ ಇದೆಯೇ? ಉತ್ತರ ಕರ್ನಾಟಕದಲ್ಲಿ ಫೋನ್ ‘ಹಚ್ಚುತ್ತಾರೆ’. ಅಲ್ಲಿ ಕರೆನ್ಸಿಗೂ ಬೇರೆ ಕ್ರಿಯಾಪದ ಇದೆಯೇ? ಪ್ಯಾಕ್ ಮುಗಿದಾಗಲೂ ‘ಕರೆನ್ಸಿ ಖಾಲಿ’ ಅನ್ನುವವರು ಇದ್ದಾರೆಯೇ? ನಿಘಂಟು ಮಾಡುವವರು ಈ ಅರ್ಥವನ್ನು ಈಗಲೇ ದಾಖಲಿಸಬೇಕು ಅನ್ನುವುದು ನನ್ನ ಅಭಿಪ್ರಾಯ. ಹೇಳುವವರು ಇರುವಾಗಲೇ ಉದಾಹರಣೆ ಸಿಗುವುದು.

ಜೊತೆಗೆ ವ್ಯಾಲಿಡಿಟಿಗೆ ಏನನ್ನುತ್ತೀರಿ? ಕಂಪನಿಯ ಮೆಸೇಜಿನಲ್ಲಿ ‘ಮಾನ್ಯತೆ’ ಅಂತ ಬರುತ್ತದೆ, ಅದು ಶಾಲೆಗೆ ಸಿಗುವಂಥದ್ದು. ಔಷಧಿಗೆ ಹೇಳುವಂತೆ ‘ಡೇಟ್ ಮುಗಿದಿದೆ’ ಅನ್ನುವುದನ್ನು ಕೇಳಿದ್ದೇನೆ. ನನಗೆ ‘ವಾಯಿದೆ’ ಇಷ್ಟ. ಸಾಲಕ್ಕೂ, ಠೇವಣಿಗೂ ಅದೇ ಪದ ನಡೆಯುತ್ತದೆ. ‘ಕರೆನ್ಸಿ ಇದೆಯಮ್ಮ, ವಾಯಿದೆ ಮುಗಿದಿದೆ’ ಅಂದಿದ್ದರೆ ಚಿಕ್ಕಮ್ಮನಿಗೆ ಅರ್ಥವಾಗುತ್ತಿತ್ತು. ನಿಮ್ಮಲ್ಲಿ ಯಾರಾದರೂ ಫೋನಿನ ವಿಷಯಕ್ಕೆ ಈ ಪದ ಬಳಸಿದ್ದನ್ನು ಕೇಳಿದ್ದೀರಾ?